ಸೋಮವಾರ ಐದು ಗಂಟೆಯ ಗೋಡೆ

ಬೇರೆ ಊರುಗಳಲ್ಲಿ ಗೋಡೆಗೆ ಕಿವಿ ಇರುತ್ತದಂತೆ. ಪುಣ್ಯವಂತರು. ನಮ್ಮೂರಿನ ಗೋಡೆಗೆ ಬಾಯಿ ಇದೆ. ಇವತ್ತು ಸೂರಿನ ಕೆಳಗೆ ಆಡಿದ ಮಾತನ್ನು ನಾಳೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಒಂದು ಸಲ ಆಡಿ ಸುಮ್ಮನಾಗುತ್ತದೆ. ಯಾರು ಯಾವ ಗೋಡೆಯ ಪಕ್ಕ ಕೂತು ಮಾತಾಡಿದರೋ ಅದೇ ಗೋಡೆ ಆಡುತ್ತದೆ. ಸಂಜೆ ಜಗಳವಾಡಿದ ಗಂಡಹೆಂಡಿರು ಮಾರನೆಯ ಸಂಜೆ ಆ ಹೊತ್ತಿಗೆ ಸರಿಯಾಗಿ ಕುಕ್ಕರ್ ಇಟ್ಟು ಸೀಟಿ ಹೊಡೆಸುತ್ತಾರೆ. ಶಾಲೆಯಲ್ಲಿ ಮೇಷ್ಟರುಗಳು ನಿನ್ನೆಯ ಪಾಠದ ಮೇಲೆ ಇವತ್ತಿನ ಪಾಠವನ್ನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದಾರೆ. ಅತ್ತೆಗೆ ಎದುರು ಆಡಲಾರದ ಸೊಸೆ ಅಡುಗೆಮನೆಯ ಗೋಡೆಗೆ ಹೇಳಿ, ಮರುದಿನ ಆ ಹೊತ್ತಿಗೆ ಅತ್ತೆಯನ್ನು ಅಲ್ಲಿ ಕೂರಿಸಿ ತಾನು ನೀರಿಗೆ ಹೋಗುತ್ತಾಳೆ. ಸಾವಿನ ಮನೆಯಲ್ಲಿ ಮಾತ್ರ ಮಾರನೆಯ ದಿನ ಎಲ್ಲರೂ ಬಾಯಿ ಮುಚ್ಚಿ ಗೋಡೆಯ ಸುತ್ತ ಕೂರುತ್ತಾರೆ. ನಿಜವಾದ ಮಾತು ಏನಿದ್ದರೂ ನಾವು ಬಯಲಿಗೆ ಬಂದು ಆಡುತ್ತೇವೆ. ಇನ್ನೊಬ್ಬರ ಮಾತು ಕೇಳಲು ಮಾರನೆಯ ದಿನ ಹೋಗಿ ಗೋಡೆಯ ಪಕ್ಕ ಕೂರುವವನು ನಮ್ಮ ಲೆಕ್ಕದಲ್ಲಿ ಕಳ್ಳನಿಗಿಂತ ಕಡೆ. ಕಳ್ಳನಿಗೆ ಹೊಟ್ಟೆಪಾಡಾದರೂ ಇರುತ್ತದೆ.

ನಾನು ಇಂದುಮತಿ. ಪೇಟೆಬೀದಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತೇನೆ. ‘ಸಿಹಿ ಮುಟ್ಟೋದೇ ಇಲ್ಲ ಮೇಡಂ’ ಎನ್ನುವವರ ಸಕ್ಕರೆ ಎಷ್ಟಿರುತ್ತದೆ ಎಂದು ದಿನಾ ನೋಡುವವಳು. ಮನುಷ್ಯರ ಮಾತನ್ನು ನಂಬುವ ಅಭ್ಯಾಸ ನನಗಿಲ್ಲ, ಕಲಿಯುವ ವಯಸ್ಸೂ ದಾಟಿತು. ಇಂಥವಳು ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಶಾಖೆಯೊಂದನ್ನು ಈ ಊರಿನಲ್ಲಿ ಕಟ್ಟಿದ್ದೇನೆ ಅಂದರೆ ಅದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯ ಇಲ್ಲಿಂದ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ಮಾನ್ಯತೆ ಪಡೆದ ಶಾಖೆ ಇರುವ ಊರಿಗೆ ಅಲ್ಲಿನ ಹುಡುಗಿಯರ ಹಾಸ್ಟೆಲಿನಲ್ಲಿ ವರ್ಷಕ್ಕೊಂದು ಸೀಟು ಬಿಡುತ್ತಾರೆ, ಊಟ ವಸತಿ ಪುಕ್ಕಟೆ. ಆ ಹಾಸ್ಟೆಲಿನ ಒಂದು ಕಬ್ಬಿಣದ ಮಂಚ ನನಗೆ ಸಿಗದೆ ಹೋಗಿದ್ದರೆ ನಾನು ಪಿಯುಸಿಗೇ ಮದುವೆಯಾಗಿ, ಅಡುಗೆಮನೆಯ ಗೋಡೆಗೆ ಬೈಯುತ್ತಾ ಮುದುಕಿಯಾಗುತ್ತಿದ್ದೆ. ಈ ವರ್ಷ ಆ ಮಂಚಕ್ಕೆ ತರಕಾರಿ ಮಾರುವ ನೀಲವ್ವನ ಮಗಳು ಸುಮಿತ್ರೆಯ ಹೆಸರು ಕಳಿಸಿದ್ದೆವು. ಹುಡುಗಿ ಆಗಲೇ ಟ್ರಂಕಿಗೆ ಬಣ್ಣ ಹೊಡೆಸಿ ಇಟ್ಟುಕೊಂಡಿದ್ದಳು.

ಶಾಖೆ ಕಟ್ಟುವುದು ಬಾಯಿಮಾತಲ್ಲ. ಮೊದಲ ಸಲ ಅಧ್ಯಕ್ಷರು ಯಾರು ಎಂಬ ಜಗಳದಲ್ಲಿ ಮುರಿಯಿತು. ಎರಡನೆಯ ಸಲ ಪ್ರವಾಸಕ್ಕೆ ಮನೆಯವರನ್ನು ಕರೆತರಬೇಕೋ ಬೇಡವೋ ಎಂಬುದರಲ್ಲಿ ಮುರಿಯಿತು. ಮೂರನೆಯ ಸಲ ನಾನೇ ಕೈಹಾಕಿದೆ. ಲ್ಯಾಬಿಗೆ ಬಂದವರ ತೋಳಿಗೆ ಸೂಜಿ ಚುಚ್ಚುವಾಗ ಎಲ್ಲಿ ಓದಿದ್ದು ಎಂದು ಕೇಳುತ್ತಿದ್ದೆ. ಸೂಜಿ ಒಳಗಿರುವಾಗ ಯಾರೂ ಸುಳ್ಳು ಹೇಳುವುದಿಲ್ಲ. ಹಾಗೆ ಹೈಸ್ಕೂಲಿನ ವಿರೂಪಾಕ್ಷ ಮೇಷ್ಟರು ಸಿಕ್ಕರು, ವಾಚನಾಲಯದ ಲೀಲಾಬಾಯಿ ಸಿಕ್ಕರು, ಎಳೆದು ಎಳೆದು ಒಂಬತ್ತು ಜನರಾದೆವು. ಪ್ರತಿ ಭಾನುವಾರ ಸಂಜೆ ಐದಕ್ಕೆ ಸದಾಶಿವಯ್ಯನ ಹೋಟೆಲಿನ ಮಹಡಿಯ ಹಾಲಿನಲ್ಲಿ ಸೇರುತ್ತಿದ್ದೆವು. ಒಳಗೆ ಬೋಂಡ, ಕಾಫಿ, ‘ಅಧ್ಯಕ್ಷರ ನೇತೃತ್ವದಲ್ಲಿ ನಮ್ಮ ಶಾಖೆ ಹೆಮ್ಮರವಾಗಲಿ’ ಎಂಬಂಥ ಮಾತು. ಆಮೇಲೆ ಅಂಚೆ ಕಚೇರಿಯ ಎದುರಿನ ಬಯಲಿಗೆ ಹೋಗಿ ನಿಂತು ನಿಜವಾದ ಸಭೆ. ಸಂಘ ಉಳಿಯುವುದು ಠರಾವಿನಿಂದಲ್ಲ, ಬೋಂಡದಿಂದ ಮತ್ತು ಹಳೆಯ ಕಥೆಗಳಿಂದ ಎಂದು ಎರಡು ಸಲ ಮುರಿದ ಮೇಲೆ ನನಗೆ ಗೊತ್ತಾಗಿತ್ತು. ಹಾಗಾಗಿ ಒಳಗಿನ ಸಭೆಯಲ್ಲಿ ವಾರಕ್ಕೊಬ್ಬರು ಕಾಲೇಜಿನ ಕಥೆ ಹೇಳಬೇಕೆಂದು ಕಟ್ಟಳೆ ಮಾಡಿದ್ದೆ. ಅವು ಗೋಡೆ ಕೇಳಿದರೂ ನಷ್ಟವಿಲ್ಲದ ಮಾತುಗಳು.

ಆದರೆ ಮಾನ್ಯತೆ ಉಳಿಯಬೇಕಾದರೆ ಹತ್ತು ಜನ ಬೇಕು. ಒಬ್ಬರು ಕಡಿಮೆ. ಬೇಸಿಗೆ ರಜೆಗೆ ಮುಂಚೆ ಕೇಂದ್ರ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಎದುರು ಕೂರಿಸಿಕೊಂಡು ಎಣಿಸುತ್ತಾರೆ ಎಂಬ ಸುದ್ದಿ ಬಂತು. ಕಡಿಮೆ ಬಿದ್ದರೆ ಕೈಕಾಲು ಹಿಡಿದು ಗಡುವು ಕೇಳಬಹುದು. ನಕಲಿ ಮನುಷ್ಯನನ್ನು ಕೂರಿಸಿ ಸಿಕ್ಕಿಬಿದ್ದರೆ ಮಾತ್ರ ಶಾಖೆ ಶಾಶ್ವತವಾಗಿ ರದ್ದು. ಪಕ್ಕದ ಊರಿನವರು ಒಬ್ಬ ಭಾವಮೈದನನ್ನು ಕೂರಿಸಲು ಹೋಗಿ ಹಾಗೆ ಹಾಳಾಗಿದ್ದರು.

ಇಂಥ ಹೊತ್ತಿನಲ್ಲಿ ಗುರುಮಲ್ಲಪ್ಪನವರು ಬಂದರು. ಬೀಜದ ಕಂಪನಿಯ ಗೋದಾಮಿನ ಉಸ್ತುವಾರಿಗೆಂದು ಹೊಸದಾಗಿ ಊರಿಗೆ ಬಂದವರು, ಅರವತ್ತರ ಹತ್ತಿರ, ಒಂಟಿ ಮನುಷ್ಯ, ಮಳೆ ಇರಲಿ ಬಿಡಲಿ ಕೈಯಲ್ಲೊಂದು ಕೊಡೆ. ಲ್ಯಾಬಿನಲ್ಲಿ ಎದುರು ಕೂತು ನನ್ನ ಪ್ರಶ್ನೆಗೆ, ನಮ್ಮ ವಿಶ್ವವಿದ್ಯಾಲಯದಲ್ಲೇ ಇತಿಹಾಸದ ಎಂ.ಎ. ಮಾಡಿದ್ದು ಎಂದರು. ಸರ್ಟಿಫಿಕೇಟು ಪ್ರವಾಹದಲ್ಲಿ ಹೋಯಿತಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಪ್ರವಾಹದ ಮಾತನ್ನು ಎರಡನೆಯ ಸಲ ಯೋಚಿಸಲಿಲ್ಲ.

ಯೋಚನೆ ಶುರುವಾದದ್ದು ಎರಡನೆಯ ಭಾನುವಾರ. ನಿಮ್ಮ ಕಾಲದಲ್ಲಿ ಹಾಸ್ಟೆಲ್ ವಾರ್ಡನ್ ಯಾರಿದ್ದರು ಎಂದು ಲೀಲಾಬಾಯಿ ಕೇಳಿದರು. ಆಸಾಮಿ ನಕ್ಕು ತಲೆಯಾಡಿಸಿ ಬೋಂಡ ಮುರಿದರು. ಮುಂದಿನ ಭಾನುವಾರ ಬಂದವರೇ, ‘ಹೋದ ವಾರ ಕೇಳಿದ್ರಲ್ಲ, ವಾರ್ಡನ್ ಇದ್ದದ್ದು ಸಂಗಪ್ಪ ಹೂಗಾರರು’ ಎಂದರು. ಉತ್ತರ ಸರಿಯಾಗಿತ್ತು. ಆದರೆ ವಾರ್ಡನ್ನನ ಹೆಸರು ಹೇಳಲು ಒಂದು ವಾರ ಯಾಕೆ ಬೇಕು? ಆಮೇಲೆ ಪ್ರತಿ ವಾರವೂ ಇದೇ ಆಯಿತು. ಇವತ್ತಿನ ಪ್ರಶ್ನೆಗೆ ನಗು, ಮುಂದಿನ ವಾರ ಉತ್ತರ. ಎಲ್ಲೋ ಯಾರನ್ನೋ ವಿಚಾರಿಸಿಕೊಂಡು ಬರುತ್ತಿದ್ದಾರೆ ಎಂದು ವಿರೂಪಾಕ್ಷ ಮೇಷ್ಟರು ಬಯಲಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಅಷ್ಟೇ ಅಲ್ಲ, ಆ ಮನುಷ್ಯ ತನ್ನ ಕಥೆ ಒಂದೂ ಹೇಳುತ್ತಿರಲಿಲ್ಲ. ಬೇರೆಯವರಿಗೆ ಮಾತ್ರ ಹೇಳಿ ಹೇಳಿ ಎಂದು ದುಂಬಾಲು ಬೀಳುತ್ತಿದ್ದರು. ಯಾವ ಮೇಷ್ಟರು ಕ್ಲಾಸಿನಲ್ಲಿ ಏನೆನ್ನುತ್ತಿದ್ದರು, ಯಾವುದಕ್ಕೆ ನಗುತ್ತಿದ್ದಿರಿ, ಇಂಥವೇ.

ಅದಕ್ಕೆ ವಿರೂಪಾಕ್ಷ ಮೇಷ್ಟರು ಒಂದು ದಿನ ಇತಿಹಾಸದ ಅನಂತಯ್ಯ ಮೇಷ್ಟರ ಕಥೆ ಹೇಳಿದ್ದರು. ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ, ‘ಈ ರಾಜರು ಯುದ್ಧದಲ್ಲಿ ಸತ್ತಿದ್ದಲ್ಲ ಕಣ್ರಯ್ಯಾ, ನಿಮ್ಮ ಉತ್ತರ ಓದಿ ಸತ್ತಿದ್ದು’ ಎನ್ನುತ್ತಿದ್ದರಂತೆ. ಕ್ಲಾಸಿಗೆ ಕ್ಲಾಸೇ ಬೆಂಚು ಬಡಿದು ನಗುತ್ತಿತ್ತಂತೆ. ನಾವೆಲ್ಲ ನಕ್ಕೆವು. ಗುರುಮಲ್ಲಪ್ಪ ನಮ್ಮೆಲ್ಲರ ಮುಖ ನೋಡಿಕೊಂಡು, ನಾವು ನಕ್ಕ ಮೇಲೆ ನಕ್ಕರು. ಅದನ್ನೂ ನಾನು ಗಮನಿಸಿದೆ. ಇತಿಹಾಸದ ವಿದ್ಯಾರ್ಥಿಗೆ ಆ ಮಾತು ಗೊತ್ತಿರಬೇಡವೇ?

ಕೊನೆಗೆ ನಾನೇ ಗಾಳ ಹಾಕಿದೆ. ಸಭೆ ಮುಗಿಸಿ ಬಯಲಿಗೆ ನಡೆಯುವಾಗ ಅವರ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ, ಲೈಬ್ರರಿಯ ಹಿಂದೆ ಕೆರೆ ಇತ್ತಲ್ಲ, ಅಲ್ಲಿ ಕೂತು ಓದುತ್ತಿದ್ದಿರಾ ಎಂದು ಕೇಳಿದೆ. ಅಲ್ಲಿ ಕೆರೆಯೂ ಇಲ್ಲ, ಕುಂಟೆಯೂ ಇಲ್ಲ. ಗುರುಮಲ್ಲಪ್ಪ ನನ್ನ ಕಡೆ ತಿರುಗಿ ನಕ್ಕು, ‘ಹೌದು ಹೌದು’ ಎಂದರು.

ಮೈಯೆಲ್ಲ ಉರಿಯಿತು. ಮನುಷ್ಯ ಬಯಲಲ್ಲಿ ಸುಳ್ಳು ಹೇಳುತ್ತಾನೆ ಅಂದರೆ ಇನ್ನೇನು ಉಳಿಯಿತು? ಈ ಉರಿಗೆ ಎಣ್ಣೆ ಹೊಯ್ದಂತೆ ಸದಾಶಿವಯ್ಯ ಇನ್ನೊಂದು ಸುದ್ದಿ ತಂದರು. ಲ್ಯಾಬಿನೊಳಗೆ ಹೇಳದೆ ನನ್ನನ್ನು ಬೀದಿಗೆ ಕರೆದು, ಅತ್ತಿತ್ತ ನೋಡಿ ಹೇಳಿದರು.

“ನಾನು ಹೇಳಿದೆ ಅನ್ಬೇಡಿ ಮೇಡಂ. ಆ ಕೊಡೆ ಸಾಹೇಬ್ರು ಪ್ರತಿ ಸೋಮವಾರ ಐದಕ್ಕೆ ಸರಿಯಾಗಿ ಬಂದು, ಒಂದು ಕಾಫಿ ತಗೊಂಡು ಮಹಡಿ ಹತ್ತುತಾರೆ. ಇಣುಕಿ ನೋಡಿದೆ. ಗೋಡೆಗೆ ಕೆನ್ನೆ ಆನಿಸ್ಕೊಂಡು ಕೂತಿದ್ರು. ನೀವು ಕೂರ್ತೀರಲ್ಲ, ಆ ಗೋಡೆಗೆ ಸ್ವಲ್ಪ ಹೊತ್ತು, ಲೀಲಾಬಾಯಿಯವರ ಗೋಡೆಗೆ ಸ್ವಲ್ಪ ಹೊತ್ತು.”

ಎಲ್ಲ ತಾಳೆಯಾಯಿತು ನನಗೆ. ನಮ್ಮ ಮಾತು ಕದ್ದು ಕೇಳಿ, ನಮ್ಮ ಕಥೆಗಳನ್ನು ಬಾಯಿಪಾಠ ಮಾಡಿ, ಹಳೆಯ ವಿದ್ಯಾರ್ಥಿಯ ವೇಷ ಹಾಕಿದ್ದಾರೆ. ಯಾಕೆ ಎಂಬುದೊಂದು ಮಾತ್ರ ತಿಳಿಯಲಿಲ್ಲ. ಯಾರದೋ ಮಗಳಿಗೆ ಸೀಟು ಹೊಡೆಯಲು ಇರಬಹುದು ಎಂದರು ವಿರೂಪಾಕ್ಷ ಮೇಷ್ಟರು. ಅಧಿಕಾರಿ ಬರುವುದು ಮುಂದಿನ ಭಾನುವಾರ ಎಂದು ಗೊತ್ತಾಗಿತ್ತು. ನನ್ನ ಕಣ್ಣ ಮುಂದೆ ಸುಮಿತ್ರೆಯ ನೀಲಿ ಟ್ರಂಕು ಬಂತು.

ಅದಕ್ಕೆ ಒಂದು ವಾರ ಮುಂಚಿನ ಭಾನುವಾರ ಸಭೆ ಮುಗಿದು ಗುರುಮಲ್ಲಪ್ಪ ಮೆಟ್ಟಿಲಿಳಿದ ಮೇಲೆ ನಾನು ಉಳಿದವರನ್ನು ತಡೆದೆ. ಬಯಲಿಗೆ ಹೋಗಲಿಲ್ಲ. ನನ್ನ ಕುರ್ಚಿಯನ್ನು ಗೋಡೆಗೆ ಇನ್ನೂ ಹತ್ತಿರ ಎಳೆದುಕೊಂಡು, ಸೊಸೆಯಂದಿರು ಹೇಳುವ ಹಾಗೆ ಗೋಡೆಗೇ ಹೇಳಿದೆ.

“ಗುರುಮಲ್ಲಪ್ಪ, ನೀವು ಅಲ್ಲಿ ಓದಿಲ್ಲ. ಓದಿದ್ರೆ ಇಲ್ಲದ ಕೆರೆಗೆ ಹೌದು ಅಂತಿರ್ಲಿಲ್ಲ. ಊಟ ಆದ ಎಲೆ ನೆಕ್ಕೋರ ಹಾಗೆ ನಮ್ಮ ನೆನಪು ನೆಕ್ಕೋಕೆ ಬರ್ತೀರಿ. ಯಾಕೆ ಬರ್ತೀರಿ ನೀವು? ಮಾನ ಇದ್ರೆ ಇನ್ನು ಈ ಮೆಟ್ಟಿಲು ಹತ್ತಬೇಡಿ.”

ಲೀಲಾಬಾಯಿ ಮುಖ ಸಣ್ಣದು ಮಾಡಿಕೊಂಡರು. ನಾನು ಮಾತ್ರ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಅವರೇ ಲ್ಯಾಬಿಗೆ ಬಂದರು, ಸಕ್ಕರೆ ನೋಡಿಸಲು. ನಾನು ಮುಖ ಗಂಟಿಕ್ಕಿಕೊಂಡೇ ರಕ್ತ ತೆಗೆದೆ. ಅವರು ತೋಳು ಮಡಚಿ ಹತ್ತಿ ಒತ್ತಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು. ನಾನು ತಿರುಗುವಾಗ ಮೊಣಕೈ ತಾಗಿ ಗಾಜಿನ ಸ್ಲೈಡುಗಳ ಟ್ರೇ ಅವರ ಬೆನ್ನ ಹಿಂದೆಯೇ ನೆಲಕ್ಕೆ ಬಿತ್ತು. ಹೊರಗೆ ಬೆಂಚಿನಲ್ಲಿ ಕೂತಿದ್ದ ಮುದುಕಿ ‘ಅಯ್ಯಪ್ಪಾ’ ಎಂದು ಎದ್ದು ನಿಂತಳು. ಗುರುಮಲ್ಲಪ್ಪ ಕ್ಯಾಲೆಂಡರ್ ನೋಡುತ್ತಲೇ ಇದ್ದರು. ಹೆಸರು ಹಿಡಿದು ಕರೆದೆ. ಗಟ್ಟಿಯಾಗಿ ಇನ್ನೊಮ್ಮೆ ಕರೆದೆ. ಆಮೇಲೆ ತಾವಾಗಿಯೇ ತಿರುಗಿ, ಕಾಲ ಬಳಿಯ ಚೂರುಗಳನ್ನು ಕಂಡು ಗಾಬರಿಯಾದರು.

“ಅಯ್ಯೋ, ಇದ್ಯಾವಾಗ ಒಡೀತು ಮೇಡಂ?”

ಬಗ್ಗಿ ಚೂರು ಆರಿಸತೊಡಗಿದರು. ನನಗೆ ಒಂದೊಂದೇ ನೆನಪಾಯಿತು. ಎದುರು ಕೂತಾಗ ತುಟಿ ನೋಡಿ ಸರಿಯಾಗಿ ಉತ್ತರ ಕೊಡುವುದು, ಗುಂಪಿನಲ್ಲಿ ಬರೀ ನಗುವುದು, ಪಕ್ಕದಲ್ಲಿ ನಡೆಯುವಾಗ ಕೇಳಿದ ಕೆರೆಗೆ ಹೌದು ಎನ್ನುವುದು, ವಾರ ಕಳೆದು ಬರುವ ಉತ್ತರ, ಗೋಡೆಗೆ ಆನಿಸಿದ ಕೆನ್ನೆ. ಕಿವಿ ಹೋದವರಿಗೂ ದವಡೆಯ ಮೂಳೆಯಿಂದ ದನಿ ಒಳಗೆ ಹೋಗುತ್ತದೆ ಎಂದು ನಾನು ಓದಿದ್ದೇನೆ. ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ಬೆಂಕಿ ಹಾಕಬೇಕು ಆ ಓದಿಗೆ.

ಇವತ್ತು ಸಂಜೆ ಅಲ್ಲಿಗೆ ಹೋಗಬೇಡಿ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಈ ಊರಿನವಳು. ಒಳಗೆ ಹೇಳಿದರೆ ನಾಳೆ ಇದೇ ಹೊತ್ತಿಗೆ ಲ್ಯಾಬಿನ ಗೋಡೆ ನನ್ನ ಗಿರಾಕಿಗಳ ಮುಂದೆ ಹೇಳುತ್ತದೆ. ಬೀದಿಗೆ ಕರೆದು ಹೇಳೋಣ ಎಂದು ಕೈ ತೊಳೆದು ಬರುವಷ್ಟರಲ್ಲಿ ಅವರು ಕೊಡೆ ಎತ್ತಿಕೊಂಡು ಹೋಗಿಯಾಗಿತ್ತು. ಗೋದಾಮಿಗೆ ಹೋದೆ. ಲಾರಿಯ ಜೊತೆ ಹೊರಗೆ ಹೋಗಿದ್ದಾರೆ ಎಂದರು.

ಸಂಜೆ ಕಾದಿದ್ದ ರೋಗಿಗಳನ್ನು ಕಳಿಸಿ ಓಡಿದೆ. ಹಾಲಿಗೆ ಕಾಲಿಡುವಾಗ ಸಭೆ ಆಗಲೇ ಅರ್ಧ ಮುಗಿದಿತ್ತು. ಖಾಲಿ ಕುರ್ಚಿಗಳ ನಡುವೆ ನಿನ್ನೆಯ ನಾವೆಲ್ಲ ಮಾತಾಡುತ್ತಿದ್ದೆವು. ಗುರುಮಲ್ಲಪ್ಪ ಲೀಲಾಬಾಯಿಯ ಗೋಡೆಗೆ ಕೆನ್ನೆ ಕೊಟ್ಟು, ಕಣ್ಣು ಮುಚ್ಚಿ, ಅವರ ಹಾಸ್ಟೆಲಿನ ಸಾರಿನ ಕಥೆಗೆ ತಾವೊಬ್ಬರೇ ಮೈ ಕುಲುಕಿಸಿ ನಗುತ್ತಿದ್ದರು. ಭುಜ ಮುಟ್ಟಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿ, ನಾನೂ ಕೇಳಲು ಬಂದಿದ್ದೇನೆ ಎಂದುಕೊಂಡರೋ ಏನೋ, ಸರಿದು ಜಾಗ ಮಾಡಿದರು. ಹೋಗೋಣ ಬನ್ನಿ ಎಂದೆ. ಆಗಲೇ ಕಣ್ಣು ಮುಚ್ಚಿದ್ದರು. ತೋಳು ಹಿಡಿದು ಎಳೆದೆ. ಸ್ವಲ್ಪ ಇರಿ ಎನ್ನುವಂತೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಕಥೆ ಮುಗಿದ ಮೇಲೆ ಎದ್ದು ಬಂದು ನನ್ನ ಗೋಡೆಗೆ ಕೆನ್ನೆಯಿಟ್ಟರು.

ಗೋಡೆಯಿಂದ ನನ್ನ ದನಿ ಬಂತು. ಅಷ್ಟು ಒರಟು ನನ್ನ ದನಿ ಎಂದು ನನಗೇ ಗೊತ್ತಿರಲಿಲ್ಲ. ಅದರ ಮೇಲೆ ಜೋರಾಗಿ ಮಾತಾಡಿದೆ, ಮೇಜು ಬಡಿದೆ. ಯಾರಿಗೆ ಬಡಿದೆ? ಅವರಿಗೆ ಕೇಳುತ್ತಿದ್ದದ್ದು ಗೋಡೆಯೊಂದೇ. ನಗು ಮುಖದಲ್ಲಿ ಒಂದಿಷ್ಟು ಹೊತ್ತು ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತವರ ಹಾಗೆ. ನಡುವೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕೆನ್ನೆ ಮಾತ್ರ ತೆಗೆಯಲಿಲ್ಲ, ಕೊನೆಯ ಮಾತಿನ ತನಕ ಕೇಳಿದರು. ಎದ್ದು ಕೊಡೆ ತೆಗೆದುಕೊಂಡು, ಯಾವತ್ತಿನ ಹಾಗೆ ನನಗೆ ತಲೆಯಾಡಿಸಿ ಮೆಟ್ಟಿಲಿಳಿದರು.

ನಾನು ಅದೇ ಗೋಡೆಗೆ ತಪ್ಪಾಯಿತು ಎಂದು ಹೇಳಿದೆ. ನಾಳೆ ಅವರನ್ನು ಹೇಗಾದರೂ ಕರೆತನ್ನಿ ಎಂದು ಸದಾಶಿವಯ್ಯನಿಗೆ ದಮ್ಮಯ್ಯ ಹಾಕಿದೆ. ಮಂಗಳವಾರ ಅವರು ಬರಲಿಲ್ಲ. ರಜೆ ಹಾಕಿ ತಂಗಿಯ ಊರಿಗೆ ಹೋದರಂತೆ, ಯಾವ ಊರೆಂದು ಯಾರಿಗೂ ಗೊತ್ತಿಲ್ಲ. ನನ್ನ ಕ್ಷಮೆಯನ್ನು ನಾನೊಬ್ಬಳೇ ಕೂತು ಕೇಳಿದೆ. ಸಂತಾಪ ಸೂಚಕ ಠರಾವಿನ ಹಾಗಿತ್ತು. ಬಯಲಲ್ಲಿ ಉಳಿದವರಿಗೆ ಎಲ್ಲ ಹೇಳಿದಾಗ ವಿರೂಪಾಕ್ಷ ಮೇಷ್ಟರು ಗಡ್ಡ ಕೆರೆದು, ಕಿವುಡುತನವೂ ವೇಷ ಇರಬಾರದೇಕೆ ಎಂದರು. ನನಗೆ ಕೋಪ ಬಂತು. ಹೋದ ವಾರವಾಗಿದ್ದರೆ ಆ ಮಾತನ್ನು ನಾನೇ ಆಡಿರುತ್ತಿದ್ದೆ.

ಭಾನುವಾರ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಬೋಂಡವನ್ನೂ ಬಿಡಿಸಿ ಒಳಗೇನಿದೆ ಎಂದು ನೋಡಿ ತಿನ್ನುವ ಜಾತಿ. ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಹತ್ತನೆಯ ಕುರ್ಚಿ ನೋಡಿದರು. ಗಡುವಿನ ಮಾತು ಎತ್ತಿದೆ. ಈ ಸಲ ಯಾರಿಗೂ ಗಡುವಿಲ್ಲ ಎಂದರು. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಕೊಡೆ ಕುಟ್ಟಿದ ಸದ್ದಾಯಿತು. ಗುರುಮಲ್ಲಪ್ಪ ಬಂದು ಕೈಮುಗಿದು ಕೂತರು.

ಅಧಿಕಾರಿ ತಲೆ ಬಗ್ಗಿಸಿ ಬರೆಯುತ್ತಲೇ, ಯಾವ ವರ್ಷ, ಲೈಬ್ರರಿ ಎಲ್ಲಿತ್ತು ಎಂದು ಕೇಳಿದರು. ಗುರುಮಲ್ಲಪ್ಪ ನಕ್ಕು ತಲೆಯಾಡಿಸಿದರು. ಪೆನ್ನು ನಿಂತಿತು. ಅಧಿಕಾರಿ ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ನಾನೇ ಎಷ್ಟೋ ವಾರ ನೋಡಿದ ನೋಟ ಅದು. ನಾನು ಬಾಯಿ ತೆರೆಯುವ ಮೊದಲೇ ಗುರುಮಲ್ಲಪ್ಪ ಎದ್ದು ನಿಂತರು.

“ಹೋದ ವಾರ ಮೇಡಂ ಕೇಳಿದ್ರು, ಯಾಕೆ ಬರ್ತೀರಿ ನೀವು ಅಂತ. ಅದಕ್ಕೆ ಉತ್ತರ ಹೇಳಿ ಹೋಗ್ತೀನಿ. ಪಿಯುಸಿ ಆದ್ಮೇಲೆ ಜ್ವರ ಬಂದು ನನಗೆ ಕಿವಿ ಹೋಯ್ತು. ಹೇಳ್ಕೊಳ್ಳೋಕೆ ನಾಚಿಕೆ. ಹಿಂದಿನ ಬೆಂಚಲ್ಲಿ ಕೂತು, ಪುಸ್ತಕ ಓದಿ ಪಾಸಾದೆ. ಅನಂತಯ್ಯ ಮೇಷ್ಟ್ರು ಏನೋ ಅನ್ನೋರು, ಎಲ್ಲರೂ ಬೆಂಚು ಬಡಿದು ನಗೋರು, ನಾನೂ ನಗ್ತಿದ್ದೆ. ನನ್ನನ್ನೇ ನೋಡಿ ನಗ್ತಾರೇನೋ ಅಂತ ಒಳಗೊಳಗೇ ಅನುಮಾನ. ಆ ಅನುಮಾನ ಇಟ್ಕೊಂಡೇ ಮುದುಕ ಆದೆ. ಈ ಊರಿಗೆ ಬಂದು ಬಾಡಿಗೆ ಮನೆ ಗೋಡೆಗೆ ಒರಗಿ ಕೂತಿದ್ದಾಗ, ಹಿಂದಿನ ದಿನ ನಾನೇ ಆಡಿದ ಮಾತು ದವಡೇಲಿ ಕೇಳಿಸ್ತು. ಆಮೇಲೆ ಒಂದು ಸೋಮವಾರ ಇಲ್ಲಿ ಕೂತು, ವಿರೂಪಾಕ್ಷ ಮೇಷ್ಟ್ರು ಹೇಳಿದ ಕಥೆ ಕೇಳಿದೆ. ಆ ಕ್ಲಾಸಿನವರು ನಗ್ತಿದ್ದದ್ದು ರಾಜರ ಬಗ್ಗೆ ಅಂತೆ. ನನ್ನ ಬಗ್ಗೆ ಅಲ್ಲ.”

ನನ್ನ ಗೋಡೆಯ ಕಡೆ ನೋಡಿದರು.

“ಹೋದ ಸೋಮವಾರ ಕೇಳಿದ್ದು ಮಾತ್ರ ನನ್ನ ಬಗ್ಗೆ.”

ವಿರೂಪಾಕ್ಷ ಮೇಷ್ಟರು ಬೋಂಡದ ತಟ್ಟೆ ನೋಡುತ್ತಾ ಕೂತರು. ನನಗೆ ಅಳು ಬಂತು, ಅಧಿಕಾರಿಯ ಎದುರೇ ಅತ್ತುಬಿಟ್ಟೆ. ಗುರುಮಲ್ಲಪ್ಪ ಕೊಡೆಗೆ ಕೈ ಹಾಕುವುದರೊಳಗೆ ಎದ್ದು ಅವರ ಎದುರು ಹೋಗಿ, ಅವರ ಕಣ್ಣಿಗೆ ನನ್ನ ತುಟಿ ಕಾಣುವ ಹಾಗೆ ನಿಂತೆ. ತಪ್ಪಾಯಿತು, ಕ್ಷಮಿಸಿ ಎಂದು ಒಳಗೇ, ಸೂರಿನ ಕೆಳಗೇ ಹೇಳಿದೆ. ಆಮೇಲೆ ಒಂದೊಂದೇ ಮಾತು ಬಿಡಿಸಿ ಕೇಳಿದೆ.

“ಲೈಬ್ರರಿ ಹಿಂದೆ ಕೆರೆ ಇತ್ತಾ?”

ಅವರು ಹುಬ್ಬು ಗಂಟಿಕ್ಕಿದರು.

“ಕೆರೆ ಎಲ್ಲಿಂದ ಬರ್ಬೇಕು ಮೇಡಂ? ಸೈಕಲ್ ಸ್ಟ್ಯಾಂಡ್ ಇತ್ತು. ನನ್ನ ಸೈಕಲ್ ಬೆಲ್ ಅಲ್ಲೇ ಕಳುವಾಯ್ತು. ಬೆಲ್ ಹೋಗಿ ಎಷ್ಟು ದಿನ ಆಗಿತ್ತೋ, ನನಗೆ ಗೊತ್ತೇ ಆಗ್ಲಿಲ್ಲ.”

ಅಧಿಕಾರಿ ಮೊದಲ ಸಲ ನಕ್ಕರು. ಅವರ ಕಾಲಕ್ಕೂ ಆ ಸ್ಟ್ಯಾಂಡಿನಲ್ಲಿ ಬೆಲ್ ಉಳಿಯುತ್ತಿರಲಿಲ್ಲವಂತೆ. ಹತ್ತು ಎಂದು ಬರೆದುಕೊಂಡರು.

ಸುಮಿತ್ರೆ ನೀಲಿ ಟ್ರಂಕು ಹೊತ್ತುಕೊಂಡು ರೈಲು ಹತ್ತಿದಳು. ಗುರುಮಲ್ಲಪ್ಪನವರೂ ಸ್ಟೇಷನ್ನಿಗೆ ಬಂದಿದ್ದರು. ಕ್ಲಾಸಿನಲ್ಲಿ ಮೇಷ್ಟರುಗಳು ಹೇಳುವ ತಮಾಷೆಯನ್ನೆಲ್ಲ ಬರೆದು ಕಳಿಸಬೇಕೆಂದು ಅವಳಿಂದ ಮಾತು ತೆಗೆದುಕೊಂಡರು. ಈಗ ನಮ್ಮ ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಅವರ ಎದುರು ಕುರ್ಚಿಗೆ ಬಂದು, ಮುಖ ಕೊಟ್ಟು ಮಾತಾಡುತ್ತೇವೆ. ಹಾಗಾಗಿ ಬಯಲಿಗೆ ಹೋಗುವುದು ಕಡಿಮೆಯಾಗಿದೆ. ಉಳಿದವರ ಮಾತಿಗೆ ಅವರು ಅಲ್ಲೇ, ಆಗಲೇ ಉತ್ತರ ಕೊಡುತ್ತಾರೆ. ನನ್ನ ಮಾತನ್ನೂ ನೋಡುತ್ತಾರೆ, ನಗುತ್ತಾರೆ, ತಲೆಯಾಡಿಸುತ್ತಾರೆ. ಆದರೆ ಸೋಮವಾರ ಐದಕ್ಕೆ ಬಂದು ನನ್ನ ಗೋಡೆಯೊಂದಕ್ಕೆ ಮಾತ್ರ ಕೆನ್ನೆಯಿಟ್ಟು, ತಾವು ಮೆಟ್ಟಿಲಿಳಿದ ಮೇಲೆ ನಾನು ಏನೆಂದೆ ಎಂಬುದರ ತನಕ ಕೇಳಿ ಹೋಗುತ್ತಾರಂತೆ. ಸದಾಶಿವಯ್ಯ ಹೇಳಿದರು.